ನುಚ್ಚು ಎಂಬ ಪದವೇ ಒಡೆದ ದಿನ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನನ್ನ ಸೋದರಮಾವನ ಸಣ್ಣ ದಾಲ್ ಮಿಲ್ ಇದೆ. ಶರಣಬಸವೇಶ್ವರರ ಜಾತ್ರೆಗೆ ಇನ್ನೂ ಹತ್ತು ದಿನವಿರುವಾಗ ಮಾಮಾ ನನ್ನನ್ನು ಕರೆಸಿಕೊಂಡರು. ಕಳಿಸಿದ ತೊಗರಿ ಬೇಳೆಯಲ್ಲಿ ನುಚ್ಚು ಜಾಸ್ತಿ ಎಂದು ಕೊಂಡವರು ದರ ಕಡಿಮೆ ಮಾಡಿದ್ದರು. ಎಷ್ಟು ನುಚ್ಚು ಎಂದು ಕೇಳಿದರೆ ಅವರ ಬಳಿಯೂ ಲೆಕ್ಕವಿಲ್ಲ, ಮಾಮಾನ ಬಳಿಯೂ ಇಲ್ಲ. ಒಂದು ಹಿಡಿ ಬೇಳೆಯನ್ನು ಕ್ಯಾಮೆರಾದ ಕೆಳಗೆ ಹರಡಿದರೆ ಇಡೀ ಬೇಳೆ ಎಷ್ಟು, ನುಚ್ಚೆಷ್ಟು, ಕಪ್ಪಾದದ್ದೆಷ್ಟು ಎಂದು ಲ್ಯಾಪ್‌ಟಾಪಿನಲ್ಲಿ ಕಾಣಬೇಕು ಎಂಬುದು ಅವರ ಆಸೆ.

ದೊಡ್ಡ ಮಿಲ್ಲುಗಳಲ್ಲಿ ಕಲರ್ ಸಾರ್ಟರ್ ಯಂತ್ರಗಳಿವೆ. ಕ್ಯಾಮೆರಾ ಕೆಟ್ಟ ಕಾಳನ್ನು ಗುರುತಿಸುತ್ತದೆ, ಗಾಳಿಯ ರಭಸ ಅದನ್ನು ಆಚೆ ಹಾರಿಸುತ್ತದೆ. ಮಾಮಾನ ಮಿಲ್ಲಿನಲ್ಲಿ ಆ ಕೆಲಸವನ್ನು ನಾಲ್ಕೈದು ಹೆಂಗಸರು ಮೊರ ಹಿಡಿದು ಕೂತು ಮಾಡುತ್ತಾರೆ. ಅವರಲ್ಲಿ ಹಿರಿಯರಾದ ಅವ್ವ ಮೂವತ್ತು ವರ್ಷಗಳಿಂದ ಬೇಳೆ ಹಸನು ಮಾಡುತ್ತಿದ್ದಾರೆ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆ ಹೆಸರನ್ನು ಚೀಲದಿಂದ ಚೀಲಕ್ಕೆ ಉಳಿಸಿಕೊಂಡು ಬಂದದ್ದು ಇಂಥವರ ಕಣ್ಣು ಎಂದು ನಾನು ನಂಬುತ್ತೇನೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಚಿತ್ರಗಳನ್ನು ವಿಶ್ಲೇಷಿಸುವ ಓಪನ್‌ಸಿವಿ ಎಂಬ ತಂತ್ರಾಂಶ ಬಳಸಿ, ಎರಡು ರಾತ್ರಿಯಲ್ಲಿ ಪರದೆಯ ಮೇಲೆ ಒಂದು ಕಿಟಕಿ ಸಿದ್ಧಪಡಿಸಿದ್ದೆ. ಚಿತ್ರದ ಜೊತೆಗೆ, ಎಳೆದು ಅಂಕಿ ಬದಲಿಸುವ ಎರಡು ಸ್ಲೈಡರುಗಳು. ಮೊದಲನೆಯದು ಬೆಳಕಿನದು, 0ಯಿಂದ 255ರವರೆಗೆ. ಆ ಅಂಕಿಗಿಂತ ಕಡಿಮೆ ಬೆಳಕಿರುವ ಚುಕ್ಕೆಯೆಲ್ಲ ಕಪ್ಪು ಎಂದು ಲೆಕ್ಕ. ಎರಡನೆಯದು ವಿಸ್ತೀರ್ಣದ್ದು. ಒಂದು ತುಣುಕಿನ ಹೊರಗೆರೆಯೊಳಗಿನ ಜಾಗ ಆ ಅಂಕಿಗಿಂತ ಕಡಿಮೆಯಿದ್ದರೆ ಅದು ನುಚ್ಚು, ಸುತ್ತ ಕೆಂಪು ಗೆರೆ. ಹೆಚ್ಚಿದ್ದರೆ ಇಡೀ ಬೇಳೆ, ಹಸಿರು ಗೆರೆ. ಚಿತ್ರದಲ್ಲಿನ ಸಣ್ಣ ಕಲೆಗಳನ್ನು ಸೋಸಿ ತೆಗೆಯಲು ಮೂರನೆಯ ಸ್ಲೈಡರ್ ಕೂಡ ಇಟ್ಟಿದ್ದೆ, ಆದರೆ ಆ ಸೋಸುವಿಕೆಗೆ ಬೆಸ ಸಂಖ್ಯೆಯೇ ಬೇಕು. ಸ್ಲೈಡರ್ 4ಕ್ಕೆ ಹೋದ ಕೂಡಲೇ ಎಲ್ಲವೂ ನಿಂತುಬಿಟ್ಟಿತು. ಬಂದ ಅಂಕಿಯನ್ನು ಎರಡರಿಂದ ಗುಣಿಸಿ ಒಂದು ಕೂಡಿಸಿದರೆ ಸಮಸ್ಯೆಯೇ ಇಲ್ಲ. ಅದು ಹೊಳೆಯುವ ಹೊತ್ತಿಗೆ ರಾತ್ರಿ ಒಂದು ಗಂಟೆಯಾಗಿತ್ತು.

ಬೆಳಿಗ್ಗೆ ಮಿಲ್ಲಿನಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟೆ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಬಂದು ನೋಡಿದರು.

"ಇಲ್ಲಿ ಏನು ಬರೆದಿದೆ, ತಮ್ಮಾ?"

"ಥ್ರೆಶೋಲ್ಡ್ ಎಂದು ಬರೆದಿದೆ, ಅವ್ವಾ. ಇದು ಏರಿಯಾ."

"ನನಗೆ ಕನ್ನಡ ಓದಲು ಬರುತ್ತದೆ. ರಾತ್ರಿ ಶಾಲೆಯಲ್ಲಿ ಕಲಿತಿದ್ದೇನೆ. ಬಸ್ಸಿನ ಬೋರ್ಡನ್ನು ಯಾರನ್ನೂ ಕೇಳದೆ ಓದುತ್ತೇನೆ," ಎಂದರು. ಬೇರೇನೂ ಹೇಳದೆ ಮೊರದ ಕಡೆಗೆ ಹೋದರು.

ಅವರು ಬೇಸರದಿಂದ ಹೇಳಲಿಲ್ಲ, ಆದರೂ ನನಗೆ ನಾಟಿತು. ಈ ಕಿಟಕಿಯನ್ನು ದಿನವೂ ನೋಡಬೇಕಾದವರು ಅವರೇ. ಅವರು ಓದಬಲ್ಲ ಒಂದು ಅಕ್ಷರವೂ ಅದರಲ್ಲಿರಲಿಲ್ಲ. ಅಲ್ಲಿಯೇ, ಬೇಳೆ ಚೀಲದ ಮೇಲೆ ಕುಳಿತು, ಕನ್ನಡ ಹಾಕಲು ತೊಡಗಿದೆ.

ಚಿತ್ರದ ಮೇಲೆ ಅಕ್ಷರ ಬರೆಯಲು ಪುಟ್‌ಟೆಕ್ಸ್ಟ್ ಎಂಬ ಆಜ್ಞೆಯಿದೆ. ಅದಕ್ಕೆ 'ನುಚ್ಚು' ಎಂದು ಕೊಟ್ಟೆ. ಪರದೆಯ ಮೇಲೆ ಬಂದದ್ದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಆ ಆಜ್ಞೆಯ ಹಿಂದಿರುವುದು ಹರ್ಷಿ ಅಕ್ಷರಗಳು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಅಲೆನ್ ಹರ್ಷಿ ಎಂಬ ವಿಜ್ಞಾನಿ 1960ರ ದಶಕದಲ್ಲಿ ಗೆರೆಗೆ ಗೆರೆ ಕೂಡಿಸಿ ರೂಪಿಸಿದವು. ಹರ್ಷಿ ಜಪಾನಿ ಅಕ್ಷರಗಳನ್ನೂ ಬಿಡಿಸಿದ್ದರು, ಆದರೆ ನನ್ನ ಲ್ಯಾಪ್‌ಟಾಪಿನಲ್ಲಿದ್ದ ಓಪನ್‌ಸಿವಿಯ ಬೊಕ್ಕಸದಲ್ಲಿ ಕನ್ನಡದ ಒಂದು ಗೆರೆಯೂ ಇಲ್ಲ. ಸ್ಲೈಡರಿನ ಹೆಸರಿಗೇ ಕನ್ನಡ ಕೊಟ್ಟು ನೋಡಿದೆ. ಅರ್ಥವಿಲ್ಲದ ಗೀಚು ಕಾಣಿಸಿತು.

ಉಳಿದ ದಾರಿ ಪಿಲ್ಲೋ, ಚಿತ್ರಗಳನ್ನು ತಿದ್ದಲು ಪೈಥಾನಿನಲ್ಲಿ ಬಳಸುವ ಇನ್ನೊಂದು ತಂತ್ರಾಂಶ. ಚಿತ್ರದ ಮೇಲ್ಭಾಗದಲ್ಲಿ ಬಿಳಿಯ ಪಟ್ಟಿಯೊಂದನ್ನು ಜೋಡಿಸಿ, ಪಿಲ್ಲೋ ಮೂಲಕ ನೋಟೊ ಸಾನ್ಸ್ ಕನ್ನಡ ಫಾಂಟಿನಲ್ಲಿ ಅದರ ಮೇಲೆ ಬರೆದು, ಮತ್ತೆ ಓಪನ್‌ಸಿವಿಗೆ ಒಪ್ಪಿಸಿದೆ. ಕಿಟಕಿ ತೆರೆದುಕೊಂಡಿತು. ತೊಗರಿ ಬೇಳೆ ನೀಲಿಯಾಗಿತ್ತು! ಪಿಲ್ಲೋ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ, ಓಪನ್‌ಸಿವಿ ನೀಲಿಯಿಂದ ಶುರುಮಾಡುತ್ತದೆ. ನಡುವೆ ಅದಲುಬದಲು ಮಾಡುವುದನ್ನು ಮರೆತಿದ್ದೆ. ಒಂದು ಸಾಲು ಸೇರಿಸಿದೆ, ಬೇಳೆ ಹಳದಿಗೆ ಮರಳಿತು.

ಅಕ್ಷರಗಳೇನೋ ಬಂದವು. ಆದರೆ 'ನುಚ್ಚು' ಎಂಬ ಪದದಲ್ಲಿ ಚಕಾರದ ಕೆಳಗೆ ಒತ್ತು ಇರಬೇಕಾದ ಕಡೆ ಎರಡು ಚಕಾರಗಳು ಅಕ್ಕಪಕ್ಕ ನಿಂತಿದ್ದವು, ಮೊದಲನೆಯದರ ತಲೆಯ ಪಕ್ಕ, ಅಕ್ಷರದಲ್ಲಿ ಸ್ವರವಿಲ್ಲ ಎಂದು ತೋರಿಸುವ ವಿರಾಮದ ಕೊಕ್ಕೆ ತೂಗುತ್ತಿತ್ತು. ನುಚ್ಚು ಎಂಬ ಪದವೇ ನುಚ್ಚಾಗಿ ಬಿದ್ದಿತ್ತು. ಕಂಪ್ಯೂಟರಿನೊಳಗೆ ಈ ಪದ ಆರು ಸಂಕೇತಗಳ ಸಾಲು: ನ, ಉಕಾರದ ಚಿಹ್ನೆ, ಚ, ವಿರಾಮ, ಚ, ಮತ್ತೆ ಉಕಾರದ ಚಿಹ್ನೆ. ಎರಡನೆಯ ಚಕಾರವನ್ನು ಕೆಳಗಿಳಿಸಿ ಒತ್ತಾಗಿಸುವ ಕೆಲಸ ಫಾಂಟಿನ ನಿಯಮಗಳನ್ನು ಓದಬಲ್ಲ ಹಾರ್ಫ್‌ಬಜ್ ಎಂಬ ತಂತ್ರಾಂಶದ್ದು. ಪಿಲ್ಲೋ ಅದನ್ನು ರಾಕಮ್ ಎಂಬ ಇನ್ನೊಂದು ಕೊಂಡಿಯ ಮೂಲಕ ಕರೆಯುತ್ತದೆ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ರಾಕಮ್ ಎಚ್ಚರವಾಗಿರಲಿಲ್ಲ, ಏಕೆಂದರೆ ಅದಕ್ಕೆ ಫ್ರೈಬಿಡಿ ಎಂಬ ಕಡತವೂ ಬೇಕು. ಅದಿರುವುದು ಬಲದಿಂದ ಎಡಕ್ಕೆ ಬರೆಯುವ ಅರಬ್ಬಿ, ಉರ್ದುವಿನಂಥ ಲಿಪಿಗಳಿಗಾಗಿ. ನಮ್ಮೂರಿನ ಅಂಗಡಿಗಳ ಬೋರ್ಡಿನಲ್ಲಿ ಕನ್ನಡ, ಉರ್ದು ಒಂದರ ಕೆಳಗೊಂದು ಇರುತ್ತವೆ. ಇಲ್ಲಿಯೂ ಉರ್ದುವಿಗೆ ಬೇಕಾದ ಕಡತ ಬಂದು ಕೂತ ಮೇಲೆಯೇ ಕನ್ನಡದ ಒತ್ತಕ್ಷರ ತನ್ನ ಜಾಗಕ್ಕೆ ಸೇರಿತು. ಮಿಲ್ಲಿನ ಸದ್ದಿನ ನಡುವೆ ಆ ಒಂದು ಪದವನ್ನು ನಾನು ಬಹಳ ಹೊತ್ತು ನೋಡುತ್ತಾ ಕುಳಿತೆ.

ಗುಂಡಿಗಳದ್ದು ಸಣ್ಣ ಕೆಲಸ. ಓಪನ್‌ಸಿವಿಯ ಸಿದ್ಧ ಗುಂಡಿಗಳು ಕಿಟಕಿ, ಗುಂಡಿಗಳನ್ನು ರೂಪಿಸುವ ಕ್ಯೂಟಿ ಎಂಬ ತಂತ್ರಾಂಶದ ಜೊತೆಗೆ ಕಟ್ಟಿದ ಆವೃತ್ತಿಯಲ್ಲಿ ಮಾತ್ರ ಸಿಗುತ್ತವೆ, ನನ್ನದು ಅದಲ್ಲ. ಬಿಳಿ ಪಟ್ಟಿಯ ಮೇಲೆ ಚೌಕ ಬರೆದು, ಮೌಸ್ ಒತ್ತಿದ ಜಾಗ ಚೌಕದೊಳಗಿದೆಯೇ ಎಂದು ನೋಡಿದರೆ ಸಾಕು. ಸ್ಲೈಡರುಗಳನ್ನೂ ಹಾಗೆಯೇ ಗೆರೆಯೆಳೆದು ನಾನೇ ಮಾಡಿಕೊಂಡೆ.

ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಅವ್ವನನ್ನು ಮತ್ತೆ ಕರೆದೆ. ಅವರು ಬೆರಳಿಟ್ಟು ಓದಿದರು. 'ನುಚ್ಚು' ಎಂಬುದನ್ನು ತಟ್ಟನೆ ಓದಿದರು. 'ಮಿತಿ' ಎಂಬಲ್ಲಿ ನಿಂತರು.

"ಯಾವುದರ ಮಿತಿ?"

ಥ್ರೆಶೋಲ್ಡ್‌ಗೆ ನಾನು ಹುಡುಕಿದ ಕನ್ನಡ ಅದು. ವಿವರಿಸಿದೆ. "ಹಾಗಾದರೆ 'ಎಷ್ಟು ಕಪ್ಪು' ಎಂದು ಬರೆ," ಎಂದರು. ಬರೆದೆ. 'ದಾಖಲಿಸು' ಎಂಬ ಗುಂಡಿಗೆ 'ಬರೆದಿಡು' ಎಂದಾಯಿತು. ಪುಸ್ತಕದಿಂದ ತಂದ ನನ್ನ ಪದಗಳಿಗಿಂತ ಅವರ ಮಾತು ಎಷ್ಟು ನೇರವಾಗಿತ್ತು!

ಮೊರದ ಹೆಣಿಗೆಯ ಗೆರೆಗಳು ಲೆಕ್ಕದಲ್ಲಿ ಸೇರಿಕೊಳ್ಳುತ್ತಿದ್ದವು. ಅದನ್ನು ಹೇಳಿದಾಗ ಅವರೇ ಒಂದು ನೀಲಿ ಪ್ಲಾಸ್ಟಿಕ್ ತಟ್ಟೆ ತಂದು ಬೇಳೆ ಹರಡಿದರು. ಮೌಸ್ ಹಿಡಿದು 'ಎಷ್ಟು ಕಪ್ಪು' ಎಂಬುದನ್ನು ನಿಧಾನವಾಗಿ ಸರಿಸಿದರು. ಸಿಪ್ಪೆಯ ಚೂರು ಅಂಟಿಕೊಂಡ ಬೇಳೆಯೊಂದು ಕಪ್ಪಿನ ಪಟ್ಟಿಗೆ ಸೇರಿದ ಕೂಡಲೇ ಕೈ ಹಿಂದೆ ತಂದರು. "ಇದು ಕೆಟ್ಟದ್ದಲ್ಲ. ಸಿಪ್ಪೆ ಬಿಟ್ಟಿಲ್ಲ, ಅಷ್ಟೆ." ಎರಡು ರಾತ್ರಿ ನಾನು ಊಹಿಸಿ ಇಟ್ಟಿದ್ದ ಅಂಕಿ 90. ಅವರು ನಿಲ್ಲಿಸಿದ್ದು 62ರಲ್ಲಿ.

ಆಮೇಲೆ ಪರದೆಯ ಮೇಲೆ ನುಚ್ಚು 41 ಎಂದು ಬಂತು. ಅವ್ವ ತಟ್ಟೆಯನ್ನೇ ನೋಡುತ್ತಿದ್ದರು. ತುಟಿಯಲ್ಲೇ ಎಣಿಸಿ, "ನಲವತ್ಮೂರು," ಎಂದರು.

ನಾನು ಚಿತ್ರವನ್ನು ದೊಡ್ಡದು ಮಾಡಿದೆ. ಅವರು ಒಂದು ಹಸಿರು ಗೆರೆಯ ಮೇಲೆ ಬೆರಳಿಟ್ಟರು. ಒಳಗೆ ಎರಡು ಚೂರುಗಳು ಒಂದಕ್ಕೊಂದು ತಾಗಿ ಕುಳಿತಿದ್ದವು, ಎರಡೂ ಸೇರಿ ಒಂದು ಇಡೀ ಬೇಳೆಯಷ್ಟೇ ಜಾಗ ಹಿಡಿದಿದ್ದವು. ನನ್ನ ಕಿಟಕಿ ಅವನ್ನು ಇಡೀ ಬೇಳೆ ಎಂದು ಎಣಿಸಿತ್ತು. ಅವ್ವ ತಟ್ಟೆಯಲ್ಲಿ ಆ ಎರಡನ್ನೂ ಉಗುರಿನಿಂದ ಬಿಡಿಸಿ ದೂರ ಸರಿಸಿದರು.

"ಈಗ ಇನ್ನೊಮ್ಮೆ ತೆಗೆ, ತಮ್ಮಾ."