ಚೆಲ್ಲೋದ್ ಬ್ಯಾಡ ಅಜ್ಜಿ

"ಚೆಲ್ಬುಡು ಅಂತೀಯಲ್ಲ ಮಗ, ನಾಳಿಕ್ಕೆ ನೀರು ಯಾರು ತಂದ್ಕೊಟ್ಟಾರು?"

ಕಳೆದ ಶನಿವಾರ ಮದ್ದೂರು ಕಡೆಯ ಹಳ್ಳಿಯೊಂದರಲ್ಲಿ, ಸೊಳ್ಳೆ ಮರಿ ಹುಡುಕಿಕೊಂಡು ಬಂದ ಸರ್ಕಾರಿ ಶಾಲೆ ಮಕ್ಕಳನ್ನು ಅಜ್ಜಿಯೊಬ್ಬರು ಹೀಗೆ ಕೇಳಿದರು. ಜೊತೆಗಿದ್ದ ಹುಡುಗ ಡೆಂಗಿ ಪಾಠ ಒಪ್ಪಿಸಲು ಶುರುಮಾಡಿದ. ಏಳನೇ ತರಗತಿಯ ಹುಡುಗಿ ಅವನ ಕೈ ಹಿಡಿದು ಸುಮ್ಮನಾಗಿಸಿ, "ಚೆಲ್ಲೋದ್ ಬ್ಯಾಡ ಅಜ್ಜಿ. ಇನ್ನೊಂದು ಪಾತ್ರೆ ಇದ್ದದಾ? ಸೋಸ್ಕೊಡ್ತೀವಿ" ಅಂದಳು. ಆ ಮಾತು ವಾರವಿಡೀ ಕಿವಿಯಲ್ಲೇ ಇದೆ.

ಚಿಕ್ಕ ಶಾಲೆ ಅದು. ಆರು, ಏಳು, ಎಂಟನೇ ತರಗತಿಯ ಮಕ್ಕಳಿಗೆ ಊರ ಕೆಲಸವೂ ಪಾಠದ ಭಾಗ. ಮೂವರದ್ದೊಂದು ತಂಡ. ಕೈಯಲ್ಲಿ ಟಾರ್ಚು, ಬಿಳಿ ಸೌಟು, ನೋಟ್‌ಬುಕ್ಕು. ಡ್ರಮ್ಮಿನ ಮುಚ್ಚಳ ತೆಗೆದ ಕೂಡಲೇ ಸೌಟು ಹಾಕಬಾರದು. ನೆರಳು ಬಿದ್ದರೆ, ನೀರು ಅಲುಗಿದರೆ ಮರಿಗಳು ತಳಕ್ಕೆ ಇಳಿದುಬಿಡುತ್ತವೆ. ಅವಸರಪಟ್ಟವರು "ಏನೂ ಇಲ್ಲ" ಎಂದು ಬರೆದುಕೊಂಡು ಹೋಗುತ್ತಾರೆ. ಕೊಂಚ ಕಾದರೆ ಉಸಿರಿಗೆಂದು ಮೇಲೆ ಬಂದೇ ಬರುತ್ತವೆ.

200 ಲೀಟರ್ ಡ್ರಮ್ ತುಂಬಿದ್ದರೆ ನೀರೇ 200 ಕಿಲೋ ತೂಗುತ್ತದೆ. ಮಕ್ಕಳು ಅದನ್ನು ಉರುಳಿಸಲು ಹೋಗಕೂಡದು. ಬಿಂದಿಗೆಯಲ್ಲಿ ಮೊಗೆದು, ಎರಡು ಮಡಿಕೆ ಮಾಡಿದ ಹಳೇ ಪಂಚೆಯಲ್ಲಿ ಸೋಸಿ ಬೇರೆ ಪಾತ್ರೆಗೆ ತುಂಬಬೇಕು. ಬಟ್ಟೆಯಲ್ಲಿ ಉಳಿದ ಮರಿಗಳನ್ನು ಒಣ ನೆಲಕ್ಕೆ ಕೊಡವಿದರೆ ಸಾಯುತ್ತವೆ, ಚರಂಡಿಗೆ ಕೊಡವಬಾರದು. ಸೋಸಿದ ನೀರು ಬಳಕೆಗೆ, ಕುಡಿಯಲು ಅಲ್ಲ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುವ ಮೊಟ್ಟೆಗಳು ಮತ್ತೆ ನೀರು ತಾಕಿದಾಗ ಒಡೆಯುತ್ತವೆ. ಹಾಗಾಗಿ ನೀರು ಖಾಲಿ ಮಾಡಿದರಷ್ಟೇ ಸಾಲದು, ತೆಂಗಿನ ನಾರಿನಿಂದ ಒಳಗೋಡೆ ತಿಕ್ಕಬೇಕು. ಆಮೇಲೆ ಬಟ್ಟೆಯನ್ನು ಬಿಗಿಯಾಗಿ ಕಟ್ಟಬೇಕು. ಸಂದು ಬಿಟ್ಟ ಮುಚ್ಚಳದಿಂದ ಪ್ರಯೋಜನವಿಲ್ಲ. ಒರಳುಕಲ್ಲು, ಫ್ರಿಜ್ಜಿನ ಹಿಂದಿನ ತಟ್ಟೆ, ಹಳೇ ಟೈರುಗಳನ್ನು ಮರೆಯುವವರೇ ಜಾಸ್ತಿ. ನಮ್ಮ ಕಡೆ ಎಳನೀರು ಬುರುಡೆಗಂತೂ ಲೆಕ್ಕವಿಲ್ಲ. ಎರಡು ಹೋಳು ಮಾಡಿ ಬೋರಲು ಹಾಕಿದರೆ ಮುಗಿಯಿತು.

ಹತ್ತು ಮನೆ ನೋಡಿ ಎರಡರಲ್ಲಿ ಮರಿ ಸಿಕ್ಕರೆ ಆ ಬೀದಿಯ ಸೂಚ್ಯಂಕ, ಅಂದರೆ ನೂರಕ್ಕೆ ಎಷ್ಟು ಮನೆಯಲ್ಲಿ ಮರಿ ಎಂಬ ಲೆಕ್ಕ, 20. ಶೇಕಡಾ ಲೆಕ್ಕ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಪಟ್ಟಿ ಸಂಜೆಯೊಳಗೆ ಆಶಾ ಕಾರ್ಯಕರ್ತೆಯ ಕೈ ಸೇರುತ್ತದೆ.

"ಮಕ್ಕಳನ್ನ ಓದೋಕೆ ಕಳಿಸಿರೋದು, ಡ್ರಮ್ ತಿಕ್ಕೋಕಲ್ಲ" ಎಂದು ಒಬ್ಬ ತಂದೆ ಜಗಳಕ್ಕೇ ಬಂದರು. ಅವರ ಸಿಟ್ಟನ್ನು ತಳ್ಳಿಹಾಕಲಾರೆ. ಸೇವೆಯ ಹೆಸರಲ್ಲಿ ಪೊರಕೆ ಯಾವ ಕೇರಿಯ ಮಕ್ಕಳ ಕೈಗೆ ಹೋಗುತ್ತಿತ್ತು ಎಂಬುದು ಈ ಸೀಮೆಯವರಿಗೆಲ್ಲ ಗೊತ್ತು. ಇಲ್ಲಿ ಸರದಿ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದಾರೆ. ತಿಕ್ಕುವವರು, ಬರೆಯುವವರು, ಮಾತಾಡುವವರು ವಾರ ವಾರ ಬದಲಾಗುತ್ತಾರೆ. ಗಂಡು ಹೆಣ್ಣು, ಆ ಕೇರಿ ಈ ಕೇರಿ ಎಂಬ ಭೇದವಿಲ್ಲ. ಚರಂಡಿ, ಶೌಚಾಲಯದ ಕೆಲಸಕ್ಕೆ ಮಕ್ಕಳನ್ನು ಹಚ್ಚುವುದಿಲ್ಲ. ಇಷ್ಟಿಲ್ಲದಿದ್ದರೆ ಆ ತಂದೆಯ ಪರವಾಗಿ ನಾನೂ ನಿಲ್ಲುತ್ತಿದ್ದೆ.

ಫಲಕ ಹಿಡಿಸಿ, ಘೋಷಣೆ ಕೂಗಿಸುವ ಜಾಥಾಗಳ ಮೇಲೆ ನನಗೆ ನಂಬಿಕೆ ಹೋಗಿದೆ. ಬಿಸಿಲಲ್ಲಿ ಮಕ್ಕಳ ಗಂಟಲು ಒಣಗುತ್ತದೆ, ಫೋಟೊ ಸಿಗುತ್ತದೆ, ಡ್ರಮ್ಮಿನಲ್ಲಿ ಮರಿ ಹಾಗೇ ಇರುತ್ತದೆ. ಅಜ್ಜಿಗೆ ಡೆಂಗಿ ಗೊತ್ತಿಲ್ಲದೆ ಏನಿಲ್ಲ. ನಾಳೆ ನಲ್ಲಿ ಬರದಿದ್ದರೆ ಸೊಂಟ ಮುರಿಯುವಂತೆ ಹೊರಬೇಕಾದವರು ಅವರು. ಆ ಹುಡುಗಿ ಮೊದಲು ಕೇಳಿಸಿಕೊಂಡಿದ್ದು ಅದನ್ನ. "ಇನ್ನೊಂದು ಪಾತ್ರೆ ಇದ್ದದಾ?" ಅಂದಾಗ ಅಜ್ಜಿ ತಾವೇ ಒಳಗೆ ಹೋಗಿ ಹಂಡೆ ತಂದರು, ಪಂಚೆಯ ಒಂದು ತುದಿ ತಾವೇ ಹಿಡಿದರು.

ನನ್ನ ಚಿಂತೆ ದಸರಾ ರಜೆಯದ್ದು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಮಳೆ ಇನ್ನೂ ನಿಂತಿರುವುದಿಲ್ಲ, ಶಾಲೆ ಮಾತ್ರ ಮುಚ್ಚಿರುತ್ತದೆ. ರಜೆಗೆ ಮುಂಚೆಯೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದು, ಯಾವ ಬೀದಿಯನ್ನು ಯಾವ ಮನೆಯ ದೊಡ್ಡವರು ನೋಡಿಕೊಳ್ಳಬೇಕೆಂದು ಹೆಸರು ಬರೆಸಿಕೊಳ್ಳಬೇಕು.