ಹಲ್ಲಿನ ಹಳಿಯ ಮೇಲೆ ಕೂನೂರಿಗೆ

ಮೆಟ್ಟುಪಾಳ್ಯಂನಿಂದ ಹೊರಡುವ ನೀಲಗಿರಿ ರೈಲಿನ ಎಂಜಿನ್ ಹಿಂದುಗಡೆ ಇರುತ್ತದೆ. ಬೋಗಿಗಳನ್ನು ಕೆಳಗಿನಿಂದ ಬೆಟ್ಟಕ್ಕೆ ನೂಕಿಕೊಂಡು ಹೋಗುತ್ತದೆ. ಏರಿನಲ್ಲಿ ಕೊಂಡಿ ಕಳಚಿದರೂ ಬೋಗಿಗಳು ಹಿಂದಕ್ಕೆ ಜಾರಬಾರದಲ್ವಾ, ಅದಕ್ಕೇ ಈ ಏರ್ಪಾಡು. ಎಂಜಿನ್‌ಗಾಗಿಯೇ ಹೋಗುವವರು ಕೊನೆಯ ಬೋಗಿಯಲ್ಲಿ ಜಾಗ ಹಿಡಿಯಬೇಕು. ನಾನೂ ಅಲ್ಲೇ ಕೂತೆ.

ಕಲ್ಲಾರ್‌ವರೆಗೆ ಅಡಿಕೆ ತೋಟಗಳ ನಡುವೆ ಸಲೀಸಾದ ದಾರಿ. ಅಲ್ಲಿಂದ ಮುಂದೆ ಸದ್ದೇ ಬೇರೆ. ಎಕ್ಸ್ ಕ್ಲಾಸ್ ಎಂಬ ಮಾದರಿಯ ಈ ಹಬೆ ಎಂಜಿನ್‌ಗೆ ನಾಲ್ಕು ಸಿಲಿಂಡರ್. ಎರಡು ಮಾಮೂಲಿ ಚಕ್ರ ತಿರುಗಿಸುತ್ತವೆ. ಅಲ್ಲಿ ದುಡಿದ ಹಬೆ ಸುಮ್ನೆ ಹೊರಗೆ ಹೋಗುವುದಿಲ್ಲ, ಏರಿನಲ್ಲಿ ಇನ್ನೆರಡು ಸಿಲಿಂಡರ್‌ಗೆ ಹೋಗಿ ಎಂಜಿನ್ ಅಡಿಯ ಹಲ್ಲಿನ ಚಕ್ರ ತಿರುಗಿಸುತ್ತದೆ. ಎಂಥಾ ಲೆಕ್ಕಾಚಾರ ನೋಡಿ! ಪ್ರತಿ ಬೋಗಿಯಲ್ಲೂ ಒಬ್ಬ ಬ್ರೇಕ್‌ಮನ್ ಇರುತ್ತಾರೆ. ಎಂಜಿನ್‌ನವರಿಗೆ ಮುಂದಿನ ದಾರಿ ಕಾಣುವುದಿಲ್ಲ, ಇವರ ಬಾವುಟವೇ ಕಣ್ಣು.

ದಾರಿಯ ಹಿಲ್‌ಗ್ರೋವ್ ನಿಲ್ದಾಣದಲ್ಲಿ ಎಂಜಿನ್‌ಗೆ ನೀರು ತುಂಬಿಸಲು ರೈಲು ನಿಂತಿತು. ಎಲ್ಲರೂ ಫೋಟೋಗೆ ಇಳಿದರು. ನಾನು ಹಳಿ ನೋಡಲು ಹೋದೆ. ಎರಡು ಹಳಿಗಳ ಮಧ್ಯೆ ಹಲ್ಲು ಕೊರೆದ ಎರಡು ಉಕ್ಕಿನ ಪಟ್ಟಿಗಳು ಅಕ್ಕಪಕ್ಕದಲ್ಲಿವೆ. ಒಂದರಲ್ಲಿ ಹಲ್ಲಿರುವ ಕಡೆ ಇನ್ನೊಂದರಲ್ಲಿ ಸಂದು. ಹಾಗಾಗಿ ಎಂಜಿನ್‌ನ ಚಕ್ರ ಯಾವಾಗಲೂ ಒಂದಲ್ಲ ಒಂದು ಹಲ್ಲನ್ನು ಕಚ್ಚಿಕೊಂಡೇ ಇರುತ್ತದೆ. ಸ್ವಿಟ್ಜರ್ಲೆಂಡಿನ ಆಪ್ಟ್ ಎಂಬ ಎಂಜಿನಿಯರ್ ರೂಪಿಸಿದ ವಿಧಾನ ಇದು. ಹನ್ನೆರಡು ಅಡಿ ಹೋದರೆ ಒಂದು ಅಡಿ ಮೇಲೇರುವ ಕಡಿದಾದ ದಾರಿಯಲ್ಲಿ ಬರೀ ಚಕ್ರ ನೆಚ್ಚಿಕೊಂಡರೆ ಜಾರುವುದೇ.

ಅಷ್ಟರಲ್ಲಿ ಎಂಜಿನ್ ಸಿಬ್ಬಂದಿಯೊಬ್ಬರು ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ಇಳಿದರು. ಒಂದೊಂದು ಕೀಲಿಗೂ ಎಣ್ಣೆ ಬಿಟ್ಟು, ಬೇರಿಂಗ್‌ಗಳಿಗೆ ಹಿಂಗೈ ತಾಗಿಸಿ ನೋಡುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಯಾಕೆ ಎಂದು ಕೇಳಿದೆ. “ಜಾಸ್ತಿ ಕಾದಿದ್ದರೆ ಕೈಗೇ ಗೊತ್ತಾಗುತ್ತೆ,” ಎಂದು ತಮಿಳಿನಲ್ಲಿ ಹೇಳಿ ಮುಂದಿನದಕ್ಕೆ ಹೋದರು.

ಹಿಲ್‌ಗ್ರೋವ್ ಇನ್ನೂ ಜೀವಂತವಾಗಿರುವುದು ಎಂಜಿನ್‌ಗೆ ನೀರಡಿಕೆಯಾಗುತ್ತದೆ ಎಂಬ ಕಾರಣಕ್ಕೆ ಎಂದು ನನಗೆ ಅಲ್ಲಿ ಅನಿಸಿತು. ಮುಂದೆ ಸಿಗುವ ಕಾಟೇರಿ ರೋಡ್ ನಿಲ್ದಾಣದಲ್ಲಿ ರೈಲು ನಿಲ್ಲದೆ ಹೋಯಿತು. ಹಬೆ ಎಂಜಿನ್ ತೆಗೆದು ಡೀಸೆಲ್ ಹಾಕಿದರೆ ದಾರಿಯ ನಿಲ್ದಾಣಗಳಲ್ಲಿ ನಿಲ್ಲುವ ಅಗತ್ಯವೇ ಬೀಳುವುದಿಲ್ಲ. ಆಮೇಲೆ ಬಣ್ಣ ಬಳಿದು ಬೋರ್ಡ್ ನೆಟ್ಟು ಏನು ಪ್ರಯೋಜನ? ಎಂಜಿನ್ ಒಂದು ಕಡೆ, ನಿಲ್ದಾಣ ಒಂದು ಕಡೆ ಎಂದು ಬಿಡಿಸಿ ಕಾಪಾಡಲು ಆಗುವುದಿಲ್ಲ.

ಮೆಟ್ಟುಪಾಳ್ಯಂನಿಂದ ಕೂನೂರಿಗೆ ರೈಲು ಬಂದದ್ದು 1899ರಲ್ಲಿ. ಊಟಿ ಮುಟ್ಟಿದ್ದು 1908ರಲ್ಲಿ. ಒಟ್ಟು 46 ಕಿಲೋಮೀಟರ್, 16 ಸುರಂಗ. 2005ರಲ್ಲಿ ಯುನೆಸ್ಕೋ ಇದನ್ನು ಆಗಲೇ ಪಟ್ಟಿಯಲ್ಲಿದ್ದ ಡಾರ್ಜಿಲಿಂಗ್ ರೈಲಿನ ಜೊತೆಗೆ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಕೂನೂರಿನಿಂದ ಮುಂದೆ ಹಲ್ಲಿನ ಹಳಿ ಇಲ್ಲ, ಊಟಿಗೆ ಡೀಸೆಲ್ ಎಂಜಿನ್. ನಾನು ಕೂನೂರಿನಲ್ಲೇ ಇಳಿದು ಎಂಜಿನ್‌ಗಳನ್ನು ರಿಪೇರಿ ಮಾಡುವ ಲೋಕೋ ಶೆಡ್ ಕಡೆ ನಡೆದೆ. ಹಳೆಯ ಎಕ್ಸ್ ಕ್ಲಾಸ್‌ಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾದವು. 1914ರಿಂದ 1925ರವರೆಗೆ ಕೆಲವು, 1952ರಲ್ಲಿ ಉಳಿದವು. ಇವುಗಳ ಬಿಡಿಭಾಗ ಇವತ್ತು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸವೆದದ್ದನ್ನು ಅಳೆದು, ಎರಕ ಹೊಯ್ದು, ಕಡೆದು ಹೊಸದಾಗಿ ಮಾಡಬೇಕು. ತಿರುಚ್ಚಿಯ ಪೊನ್ಮಲೈ ಕಾರ್ಖಾನೆಯವರು ಅಷ್ಟಕ್ಕೇ ನಿಲ್ಲದೆ, 2010ರ ದಶಕದಲ್ಲಿ ಎಣ್ಣೆಯಿಂದ ಉರಿಯುವ ಹೊಸ ಎಕ್ಸ್ ಕ್ಲಾಸ್‌ಗಳನ್ನೇ ಕಟ್ಟಿದರು. ಕಲ್ಲಿದ್ದಲಿನ ವಾಸನೆ ಇಲ್ಲದ ಮೇಲೆ ಅದೆಂಥಾ ಪರಂಪರೆ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಬೇಸಿಗೆಯ ಒಣಕಾಡಿಗೆ ಬೆಂಕಿ ಹತ್ತಲು ಕಲ್ಲಿದ್ದಲಿನ ಒಂದು ಕಿಡಿ ಸಾಕು. ಅದಕ್ಕಿಂತ ಹೆಚ್ಚಾಗಿ, ಹಬೆ ಎಂಜಿನ್ ಕಟ್ಟುವ ಕೈಗಳು ಇನ್ನೂ ನಮ್ಮಲ್ಲಿವೆ ಎಂದು ಇದರಿಂದ ಗೊತ್ತಾಯಿತು.

ನನ್ನ ಆತಂಕ ಆ ಕೈಗಳದ್ದೇ. ಬಾಯ್ಲರ್ ಕೊಳವೆ ಬದಲಿಸುವುದು, ಹಿಂಗೈಯಲ್ಲಿ ಬಿಸಿ ಅಳೆಯುವುದು, ಇವೆಲ್ಲ ಹಿರಿಯ ಫಿಟ್ಟರ್ ಪಕ್ಕದಲ್ಲಿ ವರ್ಷಗಟ್ಟಲೆ ನಿಂತರೆ ಮಾತ್ರ ಬರುವ ಕೆಲಸ. ನಿಲ್ದಾಣದ ಗೋಡೆಗೆ ಸುಣ್ಣ ಹೊಡೆಯುವ ಮುಂಚೆ ಈ ಶೆಡ್‌ಗೆ ನಾಲ್ಕು ಹೊಸ ಹುಡುಗರನ್ನು ಕೊಡಬೇಕು.