ಚೊಗರಿನ ಕಲೆ

ನಮ್ಮ ಶಿಕ್ಷಣ ವಿಭಾಗದ ಬಾಗಿಲ ಪಕ್ಕ ಒಂದು ಮರದ ಬೋರ್ಡು ಇತ್ತು. ಎಡಗಡೆ ಮೇಷ್ಟ್ರುಗಳ ಹೆಸರು, ಬಲಗಡೆ ಅವರವರ ಸಂಶೋಧನೆಯ ಆಸಕ್ತಿ. ಶಿಕ್ಷಣ ಮನೋವಿಜ್ಞಾನ, ಮೌಲ್ಯಮಾಪನ, ಶೈಕ್ಷಣಿಕ ತಂತ್ರಜ್ಞಾನ, ಹೀಗೆ. ಒಬ್ಬರ ಹೆಸರಿನ ಮುಂದೆ ಮಾತ್ರ ‘ಮಲೆನಾಡಿನ ಶಾಲೆಗಳು’ ಅಂತ ಇತ್ತು. ಇದೂ ಒಂದು ವಿಷಯವಾ ಅಂತ ನಾವು ನಗುತ್ತಿದ್ದೆವು. 2006ರಲ್ಲಿ ಎಂ.ಎಡ್. ಸೇರಿದಾಗ ನನಗೆ ಗೈಡ್ ಆಗಿ ಸಿಕ್ಕಿದ್ದು ಅವರೇ. ಬೇಜಾರಾಯಿತು. ಬಿ.ಎಡ್.ನಲ್ಲಿ ಕಾಲೇಜಿಗೇ ಮೊದಲು ಬಂದವನು ನಾನು, ಮನೋವಿಜ್ಞಾನದವರೇ ಸಿಗಬೇಕು ಅಂತ ಆಸೆ ಇತ್ತು.

ಕಳೆದ ಆಷಾಢದಲ್ಲಿ ಮೇಷ್ಟ್ರು ತೀರಿಕೊಂಡರು. ವಿಭಾಗದ ಸಂಶೋಧನಾ ಕ್ಷೇತ್ರಗಳ ಬಗ್ಗೆ ಹಳೆಯ ವಿದ್ಯಾರ್ಥಿಯಾಗಿ ನಾಲ್ಕು ಮಾತು ಬರೆಯಿರಿ ಅಂತ ಸಂಚಿಕೆಯವರು ಕೇಳಿದಾಗ ಬೇರೆ ಏನೂ ತಲೆಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ತರಗತಿಯ ಪಾಠ ಒಂದೂ ನೆನಪಿಲ್ಲ. ಕಲಿಕೆಯ ಗುರಿಗಳನ್ನು ಹಂತ ಹಂತವಾಗಿ ಜೋಡಿಸಿದ ಬ್ಲೂಮ್‌ನ ವರ್ಗೀಕರಣ 1956 ಅನ್ನೋದು ನೆನಪಿದೆ, ಅದೂ ಈಗ ನಾನೇ ಪಾಠ ಮಾಡುತ್ತಿರುವುದರಿಂದ.

ಅವರು ಹೊಸನಗರದ ಕಡೆಯವರು. ಬಿಳಿ ಅಂಗಿ, ಜೇಬಲ್ಲಿ ಕೆಂಪು ಪೆನ್ಸಿಲ್, ಮಳೆಗಾಲ ಮುಗಿದರೂ ಕಂಕುಳಲ್ಲಿ ಕೊಡೆ. ಒಂದು ಬದಿ ಖಾಲಿ ಇರುವ ಕಾಗದವನ್ನು ಯಾವತ್ತೂ ಎಸೆದವರಲ್ಲ. ನಮ್ಮ ಪ್ರಬಂಧದ ಸಿನಾಪ್ಸಿಸ್ಸಿನ ಕರಡು, ಹಳೆಯ ಸುತ್ತೋಲೆ, ಎಲ್ಲವನ್ನೂ ದಬ್ಬಳದಲ್ಲಿ ತೂತು ಹೊಡೆದು, ದಾರ ಪೋಣಿಸಿ ಪ್ಯಾಡ್ ಮಾಡಿಕೊಳ್ಳುತ್ತಿದ್ದರು.

ಸ್ಯಾಂಪ್ಲಿಂಗ್ ಪಾಠವನ್ನು, ಅಂದರೆ ಕೆಲವರನ್ನು ಆರಿಸಿ ನೋಡಿ ಎಲ್ಲರ ಬಗ್ಗೆ ಹೇಳುವುದು ಹೇಗೆ ಅನ್ನುವುದನ್ನು, ಅವರು ಮಾಡಿದ್ದು ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಒಂದೊಂದು ದರ್ಜೆಯ ಅಡಿಕೆಯ ಮೂಟೆಗಳು ಬೇರೆ ಬೇರೆ ಸಾಲಲ್ಲಿದ್ದವು. “ನೋಡ್ರೋ, ಮೂಟೆ ಬಾಯಲ್ಲಿರೋ ಅಡಿಕೆ ನೋಡಿ ಯಾರಾದ್ರೂ ರೇಟು ಹೇಳ್ತಾರಾ? ಕೈ ಒಳಗೆ ಹಾಕಿ ಅಡಿಯಿಂದ ತೆಗೀತಾರೆ. ಗೊರಬಲು ನೋಡಿ ಸರಕಿಗೆ ಬೆಲೆ ಕಟ್ಟಲ್ಲ. ನೀವು ಪೇಟೆಯ ನಾಲ್ಕು ಶಾಲೆ ನೋಡಿ ಇಡೀ ಜಿಲ್ಲೆಯ ಮಕ್ಕಳು ಹೀಗೆ ಅಂತೀರಿ” ಅಂದರು. ಪಕ್ಕದಲ್ಲಿದ್ದ ಹಮಾಲಿಯೊಬ್ಬ ಹೌದೌದು ಅಂತ ತಲೆಯಾಡಿಸಿದ. ಗುಂಪುಗಳಾಗಿ ವಿಂಗಡಿಸಿ ಪ್ರತಿ ಗುಂಪಿನಿಂದಲೂ ಆರಿಸುವ ಸ್ತರೀಕೃತ ಮಾದರಿ ಅಂದರೇನು ಅಂತ ನಾನು ಆಮೇಲೆ ಪುಸ್ತಕ ತೆಗೆದು ನೋಡಬೇಕಾಗಲಿಲ್ಲ.

ಆಗ ಪ್ರಬಂಧಗಳೆಲ್ಲ ಒಂದೇ ಅಚ್ಚು. ಈ ಕಡೆ ಒಂದು ಚರ, ಅಂದರೆ ಅಳೆಯುವ ಅಂಶ, ಆ ಕಡೆ ಒಂದು ಚರ, ನಡುವೆ ‘ಸಂಬಂಧದ ಅಧ್ಯಯನ’. ಹುಡುಗ-ಹುಡುಗಿ, ಪೇಟೆ-ಹಳ್ಳಿ, ಸರ್ಕಾರಿ-ಖಾಸಗಿ ಅಂತ ಭಾಗ ಮಾಡಿ ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಪರೀಕ್ಷೆ ಹಾಕುವುದು. 0.05 ಮಟ್ಟದಲ್ಲಿ, ವ್ಯತ್ಯಾಸವೇ ಇಲ್ಲ ಅನ್ನುವ ಶೂನ್ಯ ಪ್ರಾಕ್ಕಲ್ಪನೆ ಬಿದ್ದುಹೋದರೆ ಬೈಂಡಿಂಗಿಗೆ ಕೊಡುವುದು. ನನ್ನದು ‘ಎಂಟನೇ ತರಗತಿಯ ಮಕ್ಕಳ ಸಾಧನಾ ಪ್ರೇರಣೆ ಮತ್ತು ಹೊಂದಾಣಿಕೆ’. ಮೇಷ್ಟ್ರು ಓದಿ “ಹ್ಞೂಂ, ಮಾಡು” ಅಂದರು. ಆ ‘ಹ್ಞೂಂ’ ನನಗೆ ಅರ್ಥವಾಗಲಿಲ್ಲ.

ಇನ್ನು ನಮ್ಮ ಪರಾಕ್ರಮ. ಪ್ರಶ್ನಾವಳಿ ತುಂಬಲು 200 ಮಕ್ಕಳು ಬೇಕಿತ್ತು. ಹೊಸನಗರ ತಾಲೂಕಿನ ನಗರ, ನಿಟ್ಟೂರು ಕಡೆಯೆಲ್ಲ ಬಸ್ಸಿನಲ್ಲಿ ಅಲೆದು 142 ಆಯಿತು. ಬಾಕಿ ಉಳಿದದ್ದು ದಿನಕ್ಕೊಂದೇ ಬಸ್ಸು ಹೋಗುವ ಊರಿನ ಶಾಲೆ. ಡಿಸೆಂಬರಿನ ಚಳಿ ಬೇರೆ. ಒಂದು ಶನಿವಾರ ರಾತ್ರಿ ಖಾರ ಮಂಡಕ್ಕಿ ಕಟ್ಟಿಸಿಕೊಂಡು ಬಂದು, ಬಾಗಿಲು ಹಾಕಿಕೊಂಡು ಮೂವರು ಕೂತೆವು. ನನ್ನದು ಕಪ್ಪು ಪೆನ್ನು. ಒಬ್ಬ ನೀಲಿ. ಇನ್ನೊಬ್ಬ ಅನುಮಾನ ಬರಬಾರದು ಅಂತ ಎಡಗೈಯಲ್ಲಿ ಗುರುತು ಹಾಕಿದ. ಬೆಳಗಿನ ಜಾವದ ಹೊತ್ತಿಗೆ 58 ಮಕ್ಕಳು ಹುಟ್ಟಿದ್ದವು, ಹೆಸರು ಸಮೇತ. ನೀಲಿ ಪೆನ್ನಿನವನು ತಾನು ಇಷ್ಟಪಟ್ಟಿದ್ದ ಹುಡುಗಿಯ ಹೆಸರನ್ನು ಮೂರು ಕಡೆ ಬರೆದಿದ್ದ.

ಸೋಮವಾರ ಮೇಷ್ಟ್ರು ಕಟ್ಟು ಬಿಚ್ಚಿದರು. ಮಾತಿಲ್ಲ. ಒಂದೊಂದೇ ಹಾಳೆ ಎತ್ತಿ ಎರಡು ಗುಡ್ಡೆ ಮಾಡತೊಡಗಿದರು. ಒಂದೆರಡನ್ನು ಮೂಸಿಯೂ ನೋಡಿದರು. ಕೊನೆಗೆ ಚಿಕ್ಕ ಗುಡ್ಡೆಯನ್ನು ನನ್ನ ಕಡೆ ತಳ್ಳಿ “ಎಣಿಸು” ಅಂದರು. ಎಣಿಸಿದೆ. 58. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ.

“ಇದರಲ್ಲಿ ಚೊಗರಿನ ಕಲೆ ಎಲ್ಲಿ ಮಾರಾಯಾ?”

ಆಮೇಲೆ ನೋಡುತ್ತೇನೆ, ದೊಡ್ಡ ಗುಡ್ಡೆಯ ಎಷ್ಟೋ ಹಾಳೆಗಳ ಮೂಲೆಯಲ್ಲಿ ಹೆಬ್ಬೆರಳಿನ ಕಂದು ಗುರುತು, ಅಡಿಕೆಯ ಒಗರು ರಸದ್ದು. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ಕಾಲ ಅದು. ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದ ಕೈಗಳು ಬೆಳಿಗ್ಗೆ ನನ್ನ ಪ್ರಶ್ನಾವಳಿ ಹಿಡಿದಿದ್ದವು. ಅಷ್ಟು ಸಲ ಆ ಹಾಳೆ ಮಗುಚಿದ್ದೇನೆ, ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. “ಮತ್ತೆ, ನಿನ್ನ ಈ ಮಕ್ಕಳು ಒಬ್ಬರೂ ಒಂದು ಪ್ರಶ್ನೆ ಬಿಟ್ಟಿಲ್ಲ. ಆ ‘ಇಲ್ಲ’ ಅಂದ್ರೆ ಅಂಕ ಸಿಗೋ ಉಲ್ಟಾ ವಾಕ್ಯಗಳಲ್ಲಿ ಒಬ್ಬರಿಗೂ ಗೊಂದಲ ಆಗಿಲ್ಲ. ನನಗೇ ಆಗ್ತದೆ” ಅಂದರು.

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಮಾರನೇ ದಿನ ಬೆಳಿಗ್ಗೆ ಆ ಒಂದೇ ಬಸ್ಸಿನಲ್ಲಿ ಕೊಡೆ ಹಿಡಿದು ನನ್ನ ಪಕ್ಕ ಕೂತಿದ್ದರು.

ಶಾಲೆಯಲ್ಲಿ ಪ್ರಶ್ನಾವಳಿ ಬಿಚ್ಚಲು ಬಿಡಲಿಲ್ಲ. ಹೆಡ್ ಮೇಷ್ಟ್ರ ಹತ್ತಿರ ಹಾಜರಿ ಪುಸ್ತಕ ಕೇಳಿದರು. ಜೂನ್‌ನಿಂದ ಒಂದೊಂದೇ ಪುಟ ತಿರುವಿ, ಗೈರುಹಾಜರಿ ಕಂಡಲ್ಲೆಲ್ಲ “ಈ ಹುಡುಗನ ಮನೆ ಎಲ್ಲಿ?” ಅಂತ ಕೇಳುತ್ತಾ ಹೋದರು. ಜುಲೈ, ಆಗಸ್ಟಿನಲ್ಲಿ ಬಾರದಿದ್ದವರೆಲ್ಲ ಕಾಲುಸಂಕದ ಆಚೆಯ ಮನೆಯವರು. ಹಳ್ಳ ತುಂಬಿದರೆ ಅಡಿಕೆ ಮರದ ಆ ಸಂಕ ದಾಟಿಸಲು ಯಾವ ತಾಯಿಗೂ ಧೈರ್ಯ ಬರುವುದಿಲ್ಲ. ನವೆಂಬರಿನಿಂದ ಕೆಂಪು ಗುರುತು ಬೇರೆ ಹೆಸರುಗಳ ಮುಂದೆ. ಅವು ಸುಲಿಯುವ ಕೂಲಿಗೆ ಹೋಗುವ ಮನೆಗಳು.

“ಇವರಿಗೆಲ್ಲ ಪ್ರೇರಣೆ ಕಡಿಮೆ ಅಂತ ಬರೀತೀಯಾ? ಹಳ್ಳ ಜಾಸ್ತಿ ಅಂತ ಬರಿ.”

ವಿಷಯ ಬದಲಾಯಿತು. ಹನ್ನೊಂದು ಶಾಲೆಗಳ ಹಾಜರಿ ಪುಸ್ತಕ ನೋಡಿದೆ. ಚಪ್ಪಲಿ ಎರಡು ಜೊತೆ ಸವೆಯಿತು, ಉಂಬಳ (ಜಿಗಣೆ) ಎಷ್ಟು ಹತ್ತಿದವೋ ಲೆಕ್ಕ ಇಟ್ಟಿಲ್ಲ. ಹೇಳಿಕೊಳ್ಳಬಾರದು, ಆದರೂ ಹೇಳಿಬಿಡುತ್ತೇನೆ, ಆ ವರ್ಷ ಪ್ರಬಂಧಕ್ಕೆ ಅತಿ ಹೆಚ್ಚು ಅಂಕ ಬಂದಿದ್ದು ನನಗೇ. ಮೌಖಿಕ ಪರೀಕ್ಷೆಗೆ ಬಂದವರು ‘ಇದರಲ್ಲಿ ಚರ ಯಾವುದು’ ಅಂತ ಕೇಳಿದಾಗ ‘ಹಳ್ಳದ ನೀರು ಸರ್’ ಅಂದೆ. ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು. ನಗುತ್ತಿದ್ದರು ಅಂತ ನನ್ನ ನಂಬಿಕೆ.

ಚಟುವಟಿಕೆಯಿಂದ ಕಲಿಸುವ ನಲಿ-ಕಲಿಯ ಬಗ್ಗೆ ಅವರಿಗೆ ಬಹಳ ಅಭಿಮಾನ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ಹೋಗಿ ನೋಡಿಕೊಂಡು ಬಂದು ಶುರು ಮಾಡಿದ್ದು ಅದು. “ಹೋಗಿ ನೋಡಿದ್ರು, ಅದಕ್ಕೇ ಆಯ್ತು” ಅನ್ನುತ್ತಿದ್ದರು.

ಈಗ ನನ್ನ ಹತ್ತಿರ ಬರುವ ಮಕ್ಕಳು ಜಾಣರು, ಸುಳ್ಳು ಹೇಳಬಾರದು. ಎಂ.ಎಡ್. 2015ರಿಂದ ಎರಡು ವರ್ಷದ್ದಾಗಿದೆ, ಸಮಯವೂ ಇದೆ. ಆದರೆ ಬಸ್ಸು ಹತ್ತುವವರಿಲ್ಲ. ವಾಟ್ಸಾಪಿನಲ್ಲಿ ಗೂಗಲ್ ಫಾರ್ಮ್ ಕಳಿಸುತ್ತಾರೆ, ಮೂರು ದಿನದಲ್ಲಿ 384 ಉತ್ತರ ಬರುತ್ತದೆ. 384 ಯಾಕೆ ಅಂದರೆ ಎಷ್ಟು ಜನರನ್ನು ಕೇಳಿದರೆ ಸಾಕು ಅಂತ ಹೇಳುವ 1970ರ ಕ್ರೆಜ್ಸಿ-ಮಾರ್ಗನ್ ಕೋಷ್ಟಕ ತೋರಿಸುತ್ತಾರೆ. ಹತ್ತು ಲಕ್ಷ ಜನಕ್ಕೂ ಅಷ್ಟು ಸಾಕಂತೆ. ಸಾಕೇನೋ. ಆದರೆ ಕೋಷ್ಟಕದ ಲೆಕ್ಕ ನಿಲ್ಲುವುದು ಮೂಟೆಯೊಳಗೆ ಕೈ ಹಾಕಿದವರಿಗೆ ಮಾತ್ರ ಅಲ್ವಾ? ಮೊಬೈಲು ಇಲ್ಲದ ಮನೆಯ ಮಗು ಆ 384ರಲ್ಲಿ ಬರುವುದೇ ಇಲ್ಲ. ಹೀಗೆಲ್ಲ ಹೇಳಿದರೆ ‘ಸರ್ ಹಳೇ ಕಾಲದವರು’ ಅಂತ ಮುಖ ನೋಡಿಕೊಳ್ಳುತ್ತಾರೆ. 58 ಮಕ್ಕಳ ಕತೆ ಅವರಿಗೆ ಹೇಳಿಲ್ಲ. ಈ ಸಂಚಿಕೆ ಅವರ ಕೈಗೆ ಸಿಗದಿರಲಿ.

ಕಾರ್ಯದ ದಿನ ಮೇಷ್ಟ್ರ ಮನೆಗೆ ಹೋಗಿದ್ದೆ. ಜೋರು ಮಳೆ. ಹೊರಡುವಾಗ ಮೇಷ್ಟ್ರ ಹೆಂಡತಿ, ನಮಗೆಲ್ಲ ಅಮ್ಮ, “ನಿಮ್ಮ ಫೋನ್ ನಂಬರ್ ಒಂದು ಬರೆದಿಟ್ಟು ಹೋಗಿ, ಇವರ ಪುಸ್ತಕಗಳಿಗೆ ಒಂದು ವ್ಯವಸ್ಥೆ ಆಗಬೇಕು” ಅಂತ ಮೇಜಿನ ಡ್ರಾಯರಿನಿಂದ ದಾರ ಪೋಣಿಸಿದ ಪ್ಯಾಡ್ ತೆಗೆದುಕೊಟ್ಟರು. ಮೇಲಿನ ಹಾಳೆಗಳಲ್ಲಿ ಹಾಲಿನ ಲೆಕ್ಕ, ಬಿ.ಪಿ. ಮಾತ್ರೆಯ ಹೆಸರು. ಖಾಲಿ ಹಾಳೆಯಲ್ಲಿ ನಂಬರ್ ಬರೆದೆ. ಯಾಕೋ ತಿರುಗಿಸಿ ನೋಡಿದೆ. ನೀಲಿ ಗುರುತುಗಳು, ಅಚ್ಚುಕಟ್ಟಾಗಿ, ಒಂದು ಪ್ರಶ್ನೆಯೂ ಬಿಡದ ಹಾಗೆ. ‘ವಿದ್ಯಾರ್ಥಿಯ ಹೆಸರು’ ಅನ್ನುವಲ್ಲಿ ನನ್ನ ಗೆಳೆಯನ ಆ ಹುಡುಗಿ.

“ಎಂತ ಆಯ್ತು?” ಅಂದರು ಅಮ್ಮ.

ಏನಿಲ್ಲ ಅಂತ ಹೇಳಿ, ಪ್ಯಾಡ್ ಮುಚ್ಚಿ ಕೊಟ್ಟೆ.